ಬಾಪುಸಾಹೇಬರ ಶಾಲು

ಶ್ರದ್ಧಾಂಜಲಿ ಸಭೆಗೆ ಸಭಾಭವನದ ಬಾಡಿಗೆ ಎಂಟು ಸಾವಿರ. ಫ್ಲೆಕ್ಸಿಗೆ ನಾಲ್ಕು, ಹಾರತುರಾಯಿಗೆ ಎರಡು. ಫ್ಲೆಕ್ಸಿನಲ್ಲಿ ತೀರಿಕೊಂಡ ಧರಣೇಂದ್ರರ ಫೋಟೋ ಅಂಚೆಚೀಟಿಯಷ್ಟು. ಉಳಿದದ್ದೆಲ್ಲ ವರ್ಷಕ್ಕೆ ಹತ್ತು ಸತ್ಕಾರ ಮಾಡಿಸಿಕೊಳ್ಳುವ ನಿಪ್ಪಾಣಿಯ ತಂಬಾಕು ವ್ಯಾಪಾರಿ ಬಾಪುಸಾಹೇಬರ ಮುಖ. ಧರಣೇಂದ್ರರ ಹೆಂಡತಿ ತ್ರಿಶಲಾರಿಗೆ ಒಂದು ಕುರ್ಚಿ ಹಾಕುವುದು ಮಾತ್ರ ಯಾರಿಗೂ ನೆನಪಾಗಿರಲಿಲ್ಲ.

ರಿಕ್ಷಾದ ಜಕ್ಕಪ್ಪನಿಗೆ ಹೇಸಿಕೆ ಬಂತು. ವಿಶ್ವವಿದ್ಯಾಲಯಕ್ಕೆ ದೇಣಿಗೆ ಕೂಡಿಸಲು ಧರಣೇಂದ್ರರು ಅಥಣಿ, ರಾಯಬಾಗ ಸುತ್ತಿದ್ದು ಅವನ ರಿಕ್ಷಾದಲ್ಲೇ. ಎಲ್ಲಿಗೆ ಹೋದರೂ ಹೊತ್ತು ಮುಳುಗುವ ಮೊದಲು ಚಿಕ್ಕೋಡಿಗೆ ಮರಳಿ ಹೆಂಡತಿಯ ಜೊತೆ ಉಣ್ಣುತ್ತಿದ್ದರು. ಮೂವತ್ತು ವರ್ಷ ಹಾಗೆಯೇ ನಡೆದಿತ್ತು.

ಈಗ ಬಾಪುಸಾಹೇಬರ ದೂರು: ಹೋದ ವರ್ಷ ತಮ್ಮ ಡ್ರೈವರ್ ಭರತನ ಕೈಯಲ್ಲಿ ಧರಣೇಂದ್ರರಿಗೆ ಕಳಿಸಿದ ಐದು ಲಕ್ಷ ವಿಶ್ವವಿದ್ಯಾಲಯಕ್ಕೆ ಮುಟ್ಟಿಲ್ಲ. ಇವತ್ತಿನ ಸಭೆ ಒಪ್ಪಿದರೆ ಅಲ್ಲಿನ ಗ್ರಂಥಾಲಯದ ಮೇಲಿನ ಧರಣೇಂದ್ರರ ಹೆಸರು ಅಳಿಸಿಹೋಗುತ್ತಿತ್ತು.

ಊರಿನ ಕಳವುಗಳ ಮೂಲ ಪೊಲೀಸರಿಗಿಂತ ಮೊದಲು ತಿಳಿಯುತ್ತಿದ್ದುದು ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನಿವೃತ್ತಳಾದ ಕಸ್ತೂರೆವ್ವನಿಗೆ. ಬೆಳಿಗ್ಗೆಯೇ ಜಕ್ಕಪ್ಪ ಅವಳನ್ನು ತ್ರಿಶಲಾರ ಮನೆಗೆ ಕರೆದೊಯ್ದಿದ್ದ. ಅವಳು ಗೋಡೆಯ ಮದುವೆ ಫೋಟೋ ನೋಡಿದಳು.

"ಮದವಿಗೂ ನೂಲಿನ ಸೀರಿನs ಏನ್ರಿ ಅಕ್ಕಾರ?"

"ಅವರದs ಹಟಾ ರೀ," ಎಂದು ತ್ರಿಶಲಾ ಕಣ್ಣೊರೆಸಿಕೊಂಡರು.

ಸಭೆಯಲ್ಲಿ ಬಾಪುಸಾಹೇಬರು ಮಿರಮಿರ ಮಿಂಚುವ ಶಾಲೊಂದನ್ನು ಎತ್ತಿ ಹಿಡಿದರು. "ಧರಣೇಂದ್ರ ಅವರು ರೊಕ್ಕಾ ಇಸಗೊಂಡು ನನಗ ಈ ಹೊಸಾ ಶಾಲು ಕಳಿಸ್ಯಾರ. ಹೌದಿಲ್ಲೋ ಭರತಾ?"

"ಹೌದ್ರಿ ಸಾಹೇಬ್ರ," ಎಂದ ಭರತ ನೆಲ ನೋಡುತ್ತ.

ಕಸ್ತೂರೆವ್ವ ವೇದಿಕೆ ಹತ್ತಿ ಶಾಲು ಮೂಸಿದಳು, ಮಡಿಕೆ ಬಿಡಿಸಿದಳು. "ಜಕ್ಕಪ್ಪಾ, ಧರಣೇಂದ್ರ ಅಣ್ಣಾರ ಎಂಥಾ ಶಾಲು ಹೊದಿಸ್ತಿದ್ರು?"

"ಹತ್ತೀದು. ಹುಳಾ ಕುದಿಸಿ ತಗದಿದ್ದು ಮುಟ್ಟೂದಿಲ್ಲ ಅಂತಿದ್ರು."

"ಇದು ರೇಷ್ಮಿ. ಅವರು ತಮ್ಮ ಹೆಂಡತಿಗೂ ರೇಷ್ಮಿ ಉಡಸಲಿಲ್ಲ, ನಿಮಗ ಹೊದಿಸ್ತಾರ? ಅಂದಮ್ಯಾಲೆ ಇದು ಅವರ ಕೈಯಿಂದ ಬಂದಿದ್ದಲ್ಲ."

"ಹಂಗಾರ ಭರತ್ಯಾನs ರೊಕ್ಕಾ ನುಂಗಿ ಯಾವುದೋ ಶಾಲು ತಂದಾನ," ಎಂದು ಬಾಪುಸಾಹೇಬರು ತಟ್ಟನೆ ಡ್ರೈವರನತ್ತ ಬೆರಳು ತೋರಿದರು.

"ಅವ ತಂದಿದ್ರ ಅಂಗಡಿಯಿಂದ ಹೊಸಾದು ತರ್ತಿದ್ದ. ಇದರ ಮಡಿಕಿ ಹಳದಿ ಆಗ್ಯಾವ, ಡಾಂಬರಗುಳಿಗಿ ವಾಸನಿ ಬಡೀತೈತಿ. ಭಾಳ ವರ್ಷ ಟ್ರಂಕಿನ್ಯಾಗ ಬಿದ್ದಿದ್ದು. ಸತ್ಕಾರದ ರೇಷ್ಮಿ ಶಾಲು ಟ್ರಂಕ್ ತುಂಬ ಇಟ್ಟಾವರು ಇಲ್ಲಿ ಒಬ್ಬರs ಅದಾರ. ರೊಕ್ಕಾ ನಿಮ್ಮ ಮನಿ ಹೊಸ್ತಿಲs ದಾಟಿಲ್ರಿ, ಸಾಹೇಬ್ರ."

ನಂತರ ಮೆತ್ತಗೆ ಕೇಳಿದಳು: "ತಮ್ಮಾ ಭರತ, ಯಾರು ಹೇಳಿಕೊಟ್ರೋ?"

"ಸಾಹೇಬ್ರs," ಎಂದ ಭರತ, ಕಾರಿನ ಕೀಲಿಯನ್ನು ಮೇಜಿನ ಮೇಲಿಡುತ್ತ. "ದಾನಿ ಅಂತ ಹೆಸರು ಬೇಕಿತ್ತು, ಕೊಡೂ ಮನಸಿರಲಿಲ್ಲ."

ಬಾಪುಸಾಹೇಬರು ಎದ್ದು ಹೋದರು. ಅವರು ಬಿಟ್ಟ ಕುರ್ಚಿಯನ್ನು ಜಕ್ಕಪ್ಪ ಒರೆಸಿ ತ್ರಿಶಲಾರಿಗೆ ಹಾಕಿದ.

ಧರಣೇಂದ್ರರ ಹೆಸರು ಗ್ರಂಥಾಲಯದ ಮೇಲೆ ಉಳಿಯಿತು. ಐದು ಲಕ್ಷ ಬರಲಿಲ್ಲ. ಭರತನ ನೌಕರಿ ಹೋಯಿತು.