ಸೊಣ್ಣಮ್ಮಜ್ಜಿಗೆ ಬರದ ವೀಳ್ಯ

“ಭಾರತದ ಪ್ರಜೆಗಳಾದ ನಾವು...”

“ನಿಲ್ಸು! ನಾವು ಅಂದ್ರೆ ಯಾರೇ?” ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಸೊಣ್ಣಮ್ಮಜ್ಜಿ ಕೇಳಿದಳು.

“ಎಲ್ರೂ ಅಜ್ಜಿ, ನೀನೂನೂ. ಮೂವತ್ತು ವರ್ಷದ ಹಿಂದೆ ಎಲ್ರೂ ಒಪ್ಪಿ ಸಂವಿಧಾನ ಮಾಡ್ಕೊಂಡ್ರಂತೆ,” ಎಂದಳು ಸತ್ಯಭಾಮಾ. ನಾಳೆ ರಿಪಬ್ಲಿಕ್ ಡೇ. ಸ್ಟೇಜ್ ಮೇಲೆ ಇದನ್ನು ಹೇಳಬೇಕಾದವಳು ಅವಳೇ.

“ನಾನ್ಯಾವಾಗ ಒಪ್ದೆ? ನಂಗೆ ವೀಳ್ಯ ಕೊಟ್ಟೋರ್ಯಾರು?”

ಮದುವೆಯಾಗಲಿ, ಎಮ್ಮೆ ವ್ಯಾಪಾರವಾಗಲಿ, ಎಲೆ ಅಡಿಕೆ ಕೈಗೆ ಬರದೆ ಅಜ್ಜಿ ಹೂಂ ಅಂದವಳಲ್ಲ. ಸತ್ಯಭಾಮಾಳಿಗೆ ಸಂಕಟವಾಯಿತು. ಅಜ್ಜಿಯೇ ಒಪ್ಪದಿದ್ದರೆ ‘ನಾವು’ ಅನ್ನುವುದು ಸುಳ್ಳಲ್ಲವೇ? ಅದೂ ಅಷ್ಟು ಜನರ ಮುಂದೆ!

ಸ್ಕೂಲಿಗೆ ಹೋದವಳೇ ಈಶ್ವರಮ್ಮ ಮಿಸ್‌ಗೆ ಹೇಳಿಬಿಟ್ಟಳು: “ನಾನು ಹೇಳಲ್ಲ ಮಿಸ್. ನಮ್ಮಜ್ಜಿ ಇನ್ನೂ ಒಪ್ಪಿಲ್ಲ.”

ಮಿಸ್ ಹಣೆ ಚಚ್ಚಿಕೊಂಡರು. ಬೇರೆ ಯಾರಿಗೂ ಅದು ಬಾಯಿಪಾಠ ಬರುತ್ತಿರಲಿಲ್ಲ. ಸಂಜೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಹೆಣ್ಣು ಕೇಳಲು ಬಂದವರ ಹಾಗೆ ಜಗುಲಿ ಹತ್ತಿದರು.

“ಮೊದ್ಲು ಓದಮ್ಮ. ಕೇಳಿದ್ದಕ್ಕೆಲ್ಲ ತಲೆ ಆಡ್ಸಕ್ಕೆ ನಾನೇನು ಕೋಲೆ ಬಸವನಾ?” ಎಂದಳು ಅಜ್ಜಿ.

ಮಿಸ್ ಓದಿದರು. ‘ಸಮಾನತೆ’ ಬಂದಾಗ ಅಜ್ಜಿ ಕೈ ಅಡ್ಡ ಹಿಡಿದಳು. “ಹಂಗಂದ್ರೆ?”

“ಮೇಲು ಕೀಳು ಇಲ್ಲ ಅಂತ. ಎಲ್ರೂ ಒಂದೇ ಅಜ್ಜಿ.”

“ಒಳ್ಳೇ ಮಾತೇ. ಯಾರ್ ಬೇಡ ಅಂದ್ರು?” ಅಜ್ಜಿ ಎಲೆ ಮಡಿಚಿ ಬಾಯಿಗಿಟ್ಟಳು. ಅಂತೂ ದೇಶಕ್ಕೆ ಸೊಣ್ಣಮ್ಮನ ಒಪ್ಪಿಗೆ ಸಿಕ್ಕಿತು.

ಮರುದಿನ ಬೆಳಗ್ಗೆ ಸತ್ಯಭಾಮಾ ಮನೆ ಎದುರಿನ ಬೀದಿ ಕೊಳಾಯಿಗೆ ಹೋದಳು. ಕೊಳಾಯಿಗೆ ಜಾಗ ಬಿಟ್ಟವರು ಅಜ್ಜಿಯ ಮನೆಯವರು. ಹಾಗಾಗಿ ಸಾಲು ಎಷ್ಟೇ ಉದ್ದವಿರಲಿ, ಮೊದಲು ತುಂಬುವುದು ಅವರ ಕೊಡ. ಕತ್ತಲಲ್ಲೇ ಬಂದು ನಿಂತಿದ್ದ ಮುನಿಯಕ್ಕ ಇವಳನ್ನು ಕಂಡದ್ದೇ ತನ್ನ ಕೊಡ ಪಕ್ಕಕ್ಕೆ ಸರಿಸಿದಳು.

ಸತ್ಯಭಾಮಾ ಅಲ್ಲೇ ನಿಂತುಬಿಟ್ಟಳು. ಆಮೇಲೆ ಕೊಡ ಅಲ್ಲೇ ಇಟ್ಟು ಮನೆಗೆ ಓಡಿ, ತಟ್ಟೆಯಲ್ಲಿ ಉಳಿದಿದ್ದ ಎಲೆ ಅಡಿಕೆ ತಂದಳು.

“ಮುನಿಯಕ್ಕಾ, ನಿಮ್ಮನ್ನ ಯಾರಾದ್ರೂ ಕೇಳಿದ್ರಾ? ಸಂವಿಧಾನಕ್ಕೆ ಒಪ್ತೀರಾ? ಎಲ್ರೂ ಒಂದೇ ಅಂತೆ.”

ಮುನಿಯಕ್ಕ ನಕ್ಕಳು. “ಎಲೆ ಆಮೇಲೆ ನೋಡಣ ಪುಟ್ಟಮ್ಮೋರೆ. ಮೊದ್ಲು ನನ್ ಕೊಡ ತುಂಬ್ಲಿ.”

ಸತ್ಯಭಾಮಾ ತನ್ನ ಕೊಡ ಎತ್ತಿಕೊಂಡು ಸಾಲಿನ ಕೊನೆಗೆ ನಡೆದಳು.

“ಏನೇ ಅದು?” ಜಗುಲಿಯಿಂದ ಅಜ್ಜಿ ಕೂಗಿದಳು.

“ನೀನೇ ವೀಳ್ಯ ತಗೊಂಡ್ಯಲ್ಲ ಅಜ್ಜಿ!”

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ತುಟಿ ಇನ್ನೂ ಕೆಂಪಗಿತ್ತು.

ಸ್ಕೂಲಿಗೆ ಹೊತ್ತಾಗುತ್ತಿತ್ತು. ‘ನಾವು’ ಎಂದು ಸತ್ಯಭಾಮಾ ಮೆಲ್ಲಗೆ ಹೇಳಿನೋಡಿದಳು. ಮುನಿಯಕ್ಕ ತುಂಬಿದ ಕೊಡವನ್ನು ಸೊಂಟಕ್ಕೇರಿಸಿ, ನೇರ ಅವಳ ಬಳಿಗೆ ಬಂದು ಕೈ ಚಾಚಿದಳು.

“ಈಗ ಕೊಡು ಮಗಾ.”