ನೂರ ತೊಂಬತ್ತಾರನೆಯ ದಿನ

ಗರ್ಭಲಿಪಿ ಯಂತ್ರವು ನೂರ ಐವತ್ತನೆಯ ದಿನವನ್ನು ಓದಿ ಮುಗಿಸಿತು. ಪರದೆಯ ಮೇಲೆ ತೆಳು ಗುಲಾಬಿ ಬಣ್ಣದ ಗೆರೆಯೊಂದು ಮೂಡಿ, ಅದರ ಕೆಳಗೆ ಅಚ್ಚಕನ್ನಡದ ಒಕ್ಕಣೆ ಕಾಣಿಸಿಕೊಂಡಿತು: ತಾಯಿ ಉಂಡದ್ದು ಕಡಿಮೆ, ನಿದ್ದೆ ಸಾಕಷ್ಟು, ಮಗುವಿನ ಬೆಳವಣಿಗೆ ಸರಿ. ಬಾಗಲಕೋಟೆಯ ಆ ಪ್ರಯೋಗಾಲಯದಲ್ಲಿ ಕುರ್ಚಿಯ ತುದಿಗೆ ಕುಳಿತಿದ್ದ ದಾನವ್ವ ಅದನ್ನು ಓದಿ ಮುಖ ಸಿಂಡರಿಸಿದಳು. ಆ ದಿನ ಸೊಸೆ ಯಾಕೆ ಕಡಿಮೆ ಉಂಡಳೆಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಹೋಳಿಗೆ ಸೀದುಹೋಗಿತ್ತು. ಸೀಯಿಸಿದವಳು ತಾನೇ. ಇಂಥದ್ದನ್ನೆಲ್ಲ ಯಂತ್ರ ಹೀಗೆ ಬಿಚ್ಚಿಡುವ ಅಗತ್ಯವೇನಿತ್ತೋ!

ಮಗುವಿನ ಹಿಂದೆಯೇ ಬಸಿರಿನಿಂದ ಬರುವ ಮಾಸು ಬರೀ ಮಾಂಸದ ಮುದ್ದೆಯಲ್ಲ, ಅದಕ್ಕೆ ನೆನಪಿದೆ ಎಂದು ವಿಜ್ಞಾನಿಗಳು ಕಂಡುಕೊಂಡು ಹತ್ತು ವರ್ಷಗಳಾಗಿದ್ದವು. ತಾಯಿಯ ರಕ್ತದಲ್ಲಿ ಹರಿದುಬಂದದ್ದೆಲ್ಲ, ಅದು ಔಷಧವಿರಲಿ, ವಿಷವಿರಲಿ, ರೋಗಾಣುವಿರಲಿ, ಮಾಸಿನಲ್ಲಿ ದಿನಕ್ಕೊಂದರಂತೆ ಸೂಕ್ಷ್ಮ ಪದರವಾಗಿ ಉಳಿಯುತ್ತದೆ. ಇದಕ್ಕೆ ಅವರು ದಿನಪದರ ಎಂದು ಹೆಸರಿಟ್ಟರು; ಅದನ್ನು ಓದುವ ಯಂತ್ರವೇ ಗರ್ಭಲಿಪಿ. ಪ್ರತಿ ಹೆರಿಗೆಯಲ್ಲೂ ಉಗುರಿನಷ್ಟು ಚೂರನ್ನು ಶೈತ್ಯಾಗಾರದಲ್ಲಿ ಕಾದಿಡುವ ಏರ್ಪಾಡಾಯಿತು. ಕಾದಿಡಲೂ ಓದಿಸಲೂ ತಾಯಿಯ ಸಹಿ ಬೇಕು, ಅಷ್ಟೇ.

ದಾನವ್ವ ಗುಳೇದಗುಡ್ಡದ ನೇಕಾರರ ಓಣಿಯವಳು. ಬಾಯಿ ಜೋರು, ಕರುಳು ಮೆತ್ತಗೆ. ಅವಳು ಇಷ್ಟು ದೂರ ಬಂದದ್ದು ಒಂದು ಸೂಜಿಗೆ ಶಿಕ್ಷೆ ಕೊಡಿಸಲು.

ಮೂರು ವರ್ಷಗಳ ಹಿಂದೆ ಸೊಸೆ ಭುವನಾ ಚೊಚ್ಚಲ ಬಸುರಿ. ಐದನೆಯ ತಿಂಗಳಲ್ಲಿ ಆರೋಗ್ಯ ಕೇಂದ್ರದ ಯಮುನಾ ಸಿಸ್ಟರ್ ಫ್ಲೂ ಲಸಿಕೆ ಹಿಡಿದು ಮನೆಗೆ ಬಂದಿದ್ದಳು. ದಾನವ್ವ ಹೊಸ್ತಿಲಲ್ಲೇ ತಡೆದಳು. ಏಳನೆಯ ತಿಂಗಳಲ್ಲಿ ಹಸಿರು ಸೀರೆ, ಖಣದ ಕುಪ್ಪಸ ಕೊಟ್ಟು, ಉಡಿ ತುಂಬಿ, ಬಂದ ಮುತ್ತೈದೆಯರೆಲ್ಲ ತುತ್ತು ತಿನ್ನಿಸುವ ಕುಬಸ ಆಗುವವರೆಗೆ ಬಸುರಿಗೆ ಸೂಜಿ ಸೋಕಬಾರದು ಎಂಬುದು ಅವರ ಮನೆತನದ ಪದ್ಧತಿ. ಹರಿದ ಅಂಗಿ ಹೊಲಿಯಲೂ ಬಿಡುತ್ತಿರಲಿಲ್ಲ. ಸಿಸ್ಟರ್ ಎರಡು ಸಲ ಬಂದು ಹೋದಳು. ಕೊನೆಗೆ ಕುಬಸದ ಮರುದಿನ ಲಸಿಕೆಯಾಯಿತು. ಎರಡೇ ದಿನದಲ್ಲಿ ಭುವನಾಳ ಮೈ ಕೆಂಡವಾಯಿತು, ಎದೆ ಕಟ್ಟಿತು. ದೊಡ್ಡ ಆಸ್ಪತ್ರೆಯಲ್ಲಿ ಎಂಟು ದಿನ ಹೋರಾಡಿ ಅವಳು ಉಳಿದಳು. ಗಂಡುಮಗು ಹೊಟ್ಟೆಯಲ್ಲೇ ಹೋಯಿತು.

"ಸೂಜಿ ನನ್ನ ಮೊಮ್ಮಗನ್ನ ತಿಂತು" ಎಂದು ದಾನವ್ವ ಕಂಡ ಕಂಡ ಕಟ್ಟೆಯ ಮೇಲೆ ಕೂತು ಅತ್ತಳು. ಅಳು ಸುಳ್ಳಾಗಿರಲಿಲ್ಲ. ಆದ್ದರಿಂದಲೇ ಅದು ಬೇಗ ಹಬ್ಬಿತು. ಯಮುನಾ ಸಿಸ್ಟರ್ ಊರಿನಲ್ಲಿ ತಲೆಯೆತ್ತಿ ತಿರುಗಲಾಗದೆ ವರ್ಗ ಮಾಡಿಸಿಕೊಂಡು ಹೋದಳು. ಆಮೇಲೆ ಆ ಓಣಿಯ ಒಬ್ಬ ಬಸುರಿಯೂ ಲಸಿಕೆಗೆ ತೋಳೊಡ್ಡಲಿಲ್ಲ.

ಈಗ ಭುವನಾಳಿಗೆ ಮತ್ತೆ ಐದು ತಿಂಗಳು. ಹೊಸ ಸಿಸ್ಟರ್ ಬಂದಾಗ ದಾನವ್ವ ಬಾಯಿ ತೆರೆಯುವ ಮೊದಲೇ ಭುವನಾ ತಾನಾಗಿ "ನನಗ ಬ್ಯಾಡ್ರಿ" ಎಂದಿದ್ದಳು. ಆ ಸಿಸ್ಟರ್ ಬಾಯಿಯನ್ನು ಶಾಶ್ವತವಾಗಿ ಮುಚ್ಚಿಸಲು ಯಂತ್ರದಿಂದಲೇ ಕಾಗದ ತರುತ್ತೇನೆಂದು ದಾನವ್ವ ಹಟ ಹಿಡಿದಳು. "ಹೋದದ್ದು ಹೋತು, ಯಾಕ ಕೆದಕತೀರಿ ಅತ್ತಿ?" ಎಂದು ಭುವನಾ ಎರಡು ದಿನ ಸತಾಯಿಸಿ ಸಹಿ ಹಾಕಿದ್ದಳು.

"ಅವ್ವಾರ, ಇಲ್ನೋಡ್ರಿ" ಎಂದಳು ವಿಜ್ಞಾನಿ ವಿದ್ಯುಲ್ಲತಾ ಕಟಗೇರಿ. ಅವಳೂ ಅದೇ ಸೀಮೆಯವಳು. "ಇದು ನೂರ ತೊಂಬತ್ತೇಳನೇ ದಿನ. ಈ ಬಿಳಿ ಗೆರಿ ಕಾಣತೈತಲ್ಲ, ಇದ ಲಸಿಕಿ."

"ಹಾಂ, ಸಿಕ್ಕ ಕಳ್ಳ!"

ವಿದ್ಯುಲ್ಲತಾ ನಗಲಿಲ್ಲ. "ಇದು ಕಳ್ಳ ಅಲ್ರಿ, ಕಳ್ಳನ ಫೋಟೋ. ಇದರಾಗ ಇರೋದು ಸತ್ತ ವೈರಾಣುವಿನ ಚೂರು. ಅದಕ್ಕ ಜೀವಾ ಇಲ್ಲ, ಜ್ವರಾ ತರಾಕ ಆಗೂದಿಲ್ಲ. ಫೋಟೋ ನೋಡಿ ಮೈ ಕಾವಲುಗಾರರನ್ನ ತಯಾರ ಮಾಡತೈತಿ. ಅವಕ್ಕ ಪ್ರತಿಕಾಯ ಅಂತೀವಿ. ತಾಯಿಯಿಂದ ಕೂಸಿಗೂ ಹೋಗತಾವು. ಆದ್ರ ತಯಾರ ಆಗಾಕ ಎರಡು ವಾರ ಬೇಕು."

"ಮತ್ತ ಜ್ವರಾ ಎಲ್ಲಿಂದ ಬಂತು?"

ವಿದ್ಯುಲ್ಲತಾ ಒಂದು ಪದರ ಹಿಂದಕ್ಕೆ ಸರಿಸಿದಳು. ನೂರ ತೊಂಬತ್ತಾರನೆಯ ದಿನದ ಗೆರೆಯ ಕೊನೆಯಲ್ಲಿ ರಾಗಿಕಾಳಿನಂಥ ನೇರಳೆ ಚುಕ್ಕೆಗಳಿದ್ದವು.

"ಇವಕ್ಕ ಜೀವ ಇತ್ತು. ಸೂಜಿಗಿಂತ ಒಂದು ದಿನ ಮೊದ್ಲ ಬಂದಾವು. ಆವತ್ತು ಮನ್ಯಾಗ ಏನಿತ್ರಿ?"

"ಕುಬಸ" ಎಂದಳು ದಾನವ್ವ. ಧ್ವನಿ ಅವಳಿಗೇ ಕೇಳಿಸಲಿಲ್ಲ.

"ಬಂದವರೊಳಗ ಯಾರಿಗರೆ ನೆಗಡಿ, ಜ್ವರಾ ಇತ್ತೇನ್ರಿ?"

"ನೂರು ಮಂದಿ ಬಂದಿದ್ರು. ಯಾರಂತ ಹೇಳಲಿ?"

ಅವಳಿಗೆ ಗೊತ್ತಿತ್ತು. ಹಿಂದಿನ ರಾತ್ರಿಯಿಂದ ಮೈ ಕಾದು, ಗಂಟಲು ಕಟ್ಟಿ, ಗುಳಿಗೆ ನುಂಗಿ, ಲವಂಗ ಅಗಿದು ಎದ್ದು ನಿಂತವಳು ಅವಳೇ. ಮೊದಲ ತುತ್ತು ಅತ್ತೆಯದು. ಅತ್ತೆಯೇ ಇಲ್ಲದ ಕುಬಸ ಉಂಟೇ? ಸೊಸೆಯ ಬಾಯಿಗೆ ಹೋಳಿಗೆಯ ತುತ್ತಿಟ್ಟು, ಗಲ್ಲ ಹಿಡಿದು, ಮುಖದ ಹತ್ತಿರ ಮುಖ ತಂದು ದೃಷ್ಟಿ ನಿವಾಳಿಸಿದ್ದಳು. ಆಮೇಲಿನ ದುಃಖದ ಗದ್ದಲದಲ್ಲಿ ತನ್ನ ಜ್ವರ ಅವಳಿಗೇ ಮರೆತುಹೋಗಿತ್ತು. ಈಗ ಎಲ್ಲ ನೆನಪಾಯಿತು.

"ಐದನೇ ತಿಂಗಳದಾಗ ಹಾಕಿಸಿದ್ರ ಉಳೀತಿತ್ತೇನ್ರಿ ಕೂಸು?"

"ಖಾತ್ರಿಲೆ ಹೇಳಾಕ ಬರೂದಿಲ್ಲ. ಜ್ವರಾ ಬಂದರೂ ಇಷ್ಟು ಜೋರ ಆಗತಿರಲಿಲ್ಲ ಅಂತ ಅನಸತೈತಿ." ವಿದ್ಯುಲ್ಲತಾ ಪರದೆಯನ್ನು ಆರಿಸಿದಳು. "ಸೂಜಿ ಮ್ಯಾಲಿನ ಅಪವಾದ ತಗೀಬೇಕಂತ ಈ ಯಂತ್ರ ಮಾಡಿದ್ವಿ ಅವ್ವಾರ. ತಗದೂ ಆತು. ಆದ್ರ ಸೂಜಿ ಗೆದ್ದ ಮನಿಯೊಳಗ ಮತ್ತ ಯಾರೋ ಸೋಲತಾರ. ಅದನ್ನ ನಾವ್ಯಾರೂ ವಿಚಾರ ಮಾಡಿರಲಿಲ್ಲ. ಈ ಕಾಗದ ಭುವನಾ ಅವರಿಗೆ ಮುಟ್ಟಸ್ರಿ. ಆಕಿ ಶ್ವಾಸಕೋಶ ಹೋದ ಸಲ ಭಾಳ ಪೆಟ್ಟು ತಿಂದೈತಿ. ಈ ಚಳಿಗಾಲದಾಗ ಮತ್ತ ಫ್ಲೂ ಬಂದ್ರ ಇಬ್ಬರನ್ನೂ ಉಳಿಸೂದು ಕಷ್ಟ."

ಬಸ್ಸಿನಲ್ಲಿ ದಾನವ್ವ ಕಾಗದವನ್ನು ಹತ್ತು ಸಲ ಮಡಿಸಿ ಹತ್ತು ಸಲ ಬಿಚ್ಚಿದಳು. ಹರಿದು ಕಿಟಕಿಯಾಚೆ ಎಸೆಯಬಹುದು. ಎಸೆದರೆ ಭುವನಾ ಲಸಿಕೆ ಹಾಕಿಸಿಕೊಳ್ಳುವುದಿಲ್ಲ. ಅರ್ಧ ಸತ್ಯ ಹೇಳಿದರಾಯಿತು ಎಂದು ಕೊನೆಗೆ ಲೆಕ್ಕ ಹಾಕಿದಳು. ನೂರು ಮಂದಿಯಲ್ಲಿ ಯಾರೋ ಒಬ್ಬರು ಎಂದರೆ ಸುಳ್ಳೂ ಅಲ್ಲ.

ಮಗ್ಗದ ಕೋಣೆಯಲ್ಲಿ ಭುವನಾ ನೂಲು ಸುತ್ತುತ್ತಿದ್ದಳು. ದಾನವ್ವ ನೀರನ್ನೂ ಕುಡಿಯದೆ ಎದುರು ಕುಳಿತಳು.

"ಸೂಜಿದು ತಪ್ಪಿಲ್ಲಂತ ಭುವನಾ. ಕುಬಸಕ್ಕ ಬಂದವರು ಯಾರೋ ಜ್ವರಾ ತಂದಾರಂತ. ನಾಳೆ ಹೋಗಿ ಹಾಕಿಸ್ಕೊಂಡು ಬರೂಣು."

ಭುವನಾಳ ಕೈ ನಿಂತಿತು. "ಯಂತ್ರ ಸುಳ್ಳ ಹೇಳತೈತ್ರಿ ಅತ್ತಿ. ಅದು ಸೂಜಿದ ತಪ್ಪು. ನಾ ಹಾಕಿಸ್ಕೊಳ್ಳೂದಿಲ್ಲ."

"ಕಾಗದದಾಗ ಬರದಾರ ನೋಡ."

"ಏನರೆ ಬರೀಲಿ. ಸೂಜಿದ ತಪ್ಪು."

ಓದು ಬರಹ ಬಲ್ಲ, ನಾಲ್ಕು ಮಂದಿಗೆ ತಿಳಿ ಹೇಳುವ ಹುಡುಗಿ ಹೀಗೆ ಹಟ ಮಾಡುವುದನ್ನು ದಾನವ್ವ ಕಂಡಿರಲಿಲ್ಲ. ಅವಳ ಕಣ್ಣು ಸೊಸೆಯ ಹೊಟ್ಟೆಯ ಮೇಲೆ ನಿಂತಿತು. ಇನ್ನು ಮುಚ್ಚಿಟ್ಟರೆ ಇದೂ ಹೋದೀತು ಎನ್ನಿಸಿ ಅವಳ ಸಂಕಟ ಕಟ್ಟೆಯೊಡೆಯಿತು.

"ಯಾರೋ ಅಲ್ಲವ್ವಾ, ನಾನ! ಆವತ್ತು ನನಗ ಜ್ವರಾ ಇತ್ತು. ಮುಚ್ಚಿಟ್ಟು ನಿನ್ನ ಬಾಯಿಗೆ ತುತ್ತಿಟ್ಟೆ. ಐದನೇ ತಿಂಗಳದಾಗ ಸಿಸ್ಟರನ್ನ ಹೊರಗ ಹಾಕಿದಾಕಿನೂ ನಾನ. ನನ್ನ ಬೈಯಿ, ಹೊಡಿ, ಮನಿ ಬಿಟ್ಟು ಹೊರಗ ಹಾಕು. ಆದ್ರ ಆ ಸೂಜಿ ಹಾಕಿಸ್ಕೊ."

ಭುವನಾ ಬೈಯಲಿಲ್ಲ. ನೂಲಿನ ಎಳೆಯನ್ನು ಬದಿಗಿಟ್ಟು, "ಗೊತ್ತಿತ್ರಿ" ಎಂದಳು.

"ಏನು?"

"ತುತ್ತು ಇಡೂಮುಂದ ನಿಮ್ಮ ಬೆರಳು ಸುಡಾಕತ್ತಿದ್ದು. ಅಷ್ಟು ಮಂದಿ ಮುಂದ ಮಾರಿ ತಿರುವಿದ್ರ ನಿಮ್ಮ ಮರ್ಯಾದಿ ಹೋಗತಿತ್ತು. ತಿಂದೆ."

"ಮತ್ತ ಮೂರು ವರ್ಷ ಸೂಜಿಗೆ ಬೈಕೋತ ಕುಂತಾಗ ಸುಮ್ನ ಯಾಕ ಇದ್ದಿ?"

"ನೀವು ಸೂಜಿಗೆ ಬೈದು ಅತ್ತು ಹಗುರ ಆಗತಿದ್ರಿ. ಅದು ಸೂಜಿದಲ್ಲ ಅಂದ್ರ ಮತ್ತ ಯಾರದಂತ ನೀವ ಹುಡುಕತಿದ್ರಿ. ನಾ ಲಸಿಕಿ ಹಾಕಿಸ್ಕೊಂಡ್ರ ಸೂಜಿದು ತಪ್ಪಿಲ್ಲಂತ ನಾನ ಒಪ್ಪಿದಂಗ ಆಗತಿತ್ತಲ್ರಿ." ಭುವನಾ ಅತ್ತೆಯ ಕೈ ಹಿಡಿದಳು. "ಕೂಸಂತೂ ಹೋತು. ನಿಮ್ಮನ್ನರೆ ಉಳಿಸ್ಕೊಳ್ಳೂಣು ಅಂದೆ."

ದಾನವ್ವ ಸೊಸೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಈ ಅಳುವಿನಲ್ಲಿ ಯಾರ ಮೇಲೂ ದೂರಿರಲಿಲ್ಲ. ಅದಕ್ಕೇ ಅದು ಬೇಗ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಭುವನಾಳಿಗೆ ಲಸಿಕೆಯಾಯಿತು. ಅತ್ತೆಯೂ ಅಲ್ಲೇ ತೋಳು ಚಾಚಿದಳು. ಆ ವಾರ ದಾನವ್ವ ಯಮುನಾ ಸಿಸ್ಟರ್ ಇದ್ದ ಊರಿಗೆ ಹೋಗಿ ಕೈ ಮುಗಿದು ಬಂದಳು. ಸಿಸ್ಟರ್ ಚಹಾ ಕೊಟ್ಟಳು, ಮಾತು ಹೆಚ್ಚು ಆಡಲಿಲ್ಲ. ಆಮೇಲೆ ತಾನು ಹಿಂದೆ ಕೂತು ಅತ್ತ ಕಟ್ಟೆಗಳಲ್ಲೆಲ್ಲ ದಾನವ್ವ ಮತ್ತೆ ಕೂತು, ನಡೆದದ್ದನ್ನು ನಡೆದಂತೆ ಹೇಳಿದಳು. ಆ ಚಳಿಗಾಲದಲ್ಲಿ ಓಣಿಯ ಹನ್ನೊಂದು ಬಸುರಿಯರೂ ಲಸಿಕೆ ಹಾಕಿಸಿಕೊಂಡರು.

ಹೋಳಿ ಹುಣ್ಣಿಮೆಯ ಮರುವಾರ ಭುವನಾಳಿಗೆ ಹೆಣ್ಣುಮಗುವಾಯಿತು. ಸುದ್ದಿ ತಿಳಿದು ವಿದ್ಯುಲ್ಲತಾ ಶೀತಲ ಪೆಟ್ಟಿಗೆ ಹಿಡಿದು ತಾನೇ ಆಸ್ಪತ್ರೆಗೆ ಬಂದಳು. ಲಸಿಕೆಯ ಪ್ರತಿಕಾಯಗಳು ಮಗುವನ್ನು ತಲುಪಿದ ಬಗೆಯನ್ನು ಪದರ ಪದರವಾಗಿ ಲೋಕಕ್ಕೆ ತೋರಿಸುವ ಆಸೆ ಅವಳದು. ಆದರೆ ಭುವನಾ ಸಹಿ ಹಾಕಲಿಲ್ಲ. ಅಂದು ದಾನವ್ವನ ಕತೆ ಕೇಳಿದ ಆ ಓಣಿಯವರಲ್ಲಿ ಈಗಾಗಲೇ ಹೆತ್ತ ನಾಲ್ವರೂ ಹಾಕಿರಲಿಲ್ಲ.

ದಾನವ್ವ ಹೊಸ ಗಡಿಗೆಯಲ್ಲಿ ಮಾಸನ್ನಿಟ್ಟು ಮೇಲೆ ಅರಿವೆ ಕಟ್ಟುತ್ತಿದ್ದಳು, ಮನೆಗೊಯ್ದು ಹಿತ್ತಲಲ್ಲಿ ಹೂಳಲು.

"ಕೂಸು ಚಲೋ ಐತಿ, ತಾಯಿ ಚಲೋ ಅದಾಳ" ಎಂದಳು ವಿದ್ಯುಲ್ಲತಾ. "ಇದರಾಗ ಅಂಜೂದೇನೈತ್ರಿ ಅವ್ವಾರ?"

"ಸೂಜಿಗೆ ಅಂಜೂದಿಲ್ರಿ ಈಗ, ಯಾರೂ ಅಂಜೂದಿಲ್ಲ" ಎಂದು ದಾನವ್ವ ಗಂಟು ಬಿಗಿದಳು. "ಆದ್ರ ಒಂಬತ್ತು ತಿಂಗಳದಾಗ ಮನಿಯೊಳಗ ಎಲ್ಲಾರೂ ಒಂದಿಲ್ಲೊಂದು ದಿನ ತಪ್ಪಿರತೀವಿ. ಕೂಸು ಉಳದೈತಿ. ಯಾರು ಯಾವತ್ತು ತಪ್ಪಿದ್ರು ಅನ್ನೂದು ಯಾರಿಗೂ ಗೊತ್ತಾಗೂದು ಬ್ಯಾಡ್ರಿ."

ವಿದ್ಯುಲ್ಲತಾ ಪೆಟ್ಟಿಗೆಯನ್ನು ಮುಚ್ಚಿ ಬದಿಗಿಟ್ಟು, ಗಡಿಗೆಯನ್ನು ಎತ್ತಲು ಮುದುಕಿಯೊಂದಿಗೆ ಕೈ ಜೋಡಿಸಿದಳು.