ನಲವತ್ತು ಮನೆಗಳ ಬಟ್ಟೆಗಂಟು

"ಕುಂದರ್ರಿ ನಬೀಸಾಬ್ರ" ಎಂದು ಕೃಷ್ಣಾಬಾಯಿ ಮೂರು ಸಲ ಹೇಳಿದರೂ ಅವರು ಕೂಡಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಕಿಟಕಿಯಿಂದ ಬಾಗಿಲಿಗೆ ಅಡ್ಡಾಡುತ್ತಿದ್ದರು. ಅವರನ್ನು ನೋಡಿ ನನಗೂ ಚಡಪಡಿಕೆ. ಅದು 1979ರ ಮಾರ್ಚ್, ಬೆಳಗಾವಿಯ ಟಿಳಕವಾಡಿ. ಕೃಷ್ಣಾಬಾಯಿ ಮೂವತ್ತು ವರ್ಷ ಸರಕಾರಿ ದಫ್ತರಖಾನೆಯಲ್ಲಿ ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿ ಓದಿ ನಿವೃತ್ತಳಾದವಳು. ಜನರ ಗೋಜಲು ಬಿಡಿಸುವುದು ಅವಳ ಚಟ. ಪಕ್ಕದ ಮನೆಯ ಫಕ್ರುನ್ನಿಸಾ ಟೀಚರ್ ಆದ ನನಗೆ ಅವಳ ಬೆನ್ನು ಹತ್ತಿ ಹೋಗುವುದೇ ಚಟ.

"ಮಗಳ ಲಗ್ನ ಮುರೀತೈತ್ರಿ ಬಾಯಾರ, ಮುನ್ನೂರು ವರ್ಷದ ಹಿಂದಿನ ಒಂದು ಹಡಗದ ಸಲುವಾಗಿ!"

ನಬೀಸಾಬರ ಹಿರಿಯನೊಬ್ಬ ವರ್ತಕ. ಬೀಡಿ ಗ್ರಾಮದ ನಲವತ್ತು ನೇಕಾರ ಮನೆಗಳ ಬಟ್ಟೆಗಂಟುಗಳನ್ನು ವೆಂಗುರ್ಲಾ ಬಂದರಿನಲ್ಲಿ ಹಡಗಿಗೆ ಹೇರಿದ್ದನಂತೆ. ತಮ್ಮ ಪರವಾನಗಿ ಇಲ್ಲವೆಂದು ಗೋವೆಯ ಪೋರ್ಚುಗೀಸ್ ಫಿರಂಗಿಗಳು ಸರಕು ಸಮೇತ ಹಡಗನ್ನು ಹಿಡಿದರು ಎಂದು ಅವನು ಹೇಳಿದ. ಮಾರಿಕೊಂಡು ನುಂಗಿದ್ದಾನೆ ಎಂದು ನೇಕಾರರು ಹೇಳಿದರು. ಅಂದಿನಿಂದ ಆ ನಲವತ್ತು ಮನೆಯವರು ಇವರ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಈಗ ಅದೇ ನೇಕಾರ ಮನೆತನದ ವಹಾಬ ಇವರ ಮಗಳು ಬಿಲ್ಕೀಸಳನ್ನು ಮೆಚ್ಚಿದ್ದ. ಅವನ ದೊಡ್ಡಪ್ಪ ಸರದಾರಸಾಬ, "ನಿಮ್ಮ ಪೆಟ್ಟಿಗೆಯ ಹಳೆಯ ಕಾಗದ ಓದಿಸಿ. ಹಡಗು ಹಿಡಿದದ್ದು ಖರೆ ಇದ್ದರೆ ಲಗ್ನ" ಎಂದು ಪಟ್ಟು ಹಿಡಿದಿದ್ದರು.

ಆ ಹಿರಿಯ ಬರೆದಿಟ್ಟಿದ್ದ ಮೋಡಿ ಕಾಗದವನ್ನು ನಬೀಸಾಬರು ತಗಡಿನ ನಳಿಗೆಯಲ್ಲಿಟ್ಟು ಖಾನಾಪುರದ ಬಿಂದುಮಾಧವರಾಯರಿಗೆ ಕೊಟ್ಟರು. ರಾಯರು ಇತಿಹಾಸದ ಪುಸ್ತಕ ಬರೆದ ಪಂಡಿತರು. ಒಂದು ದಿನ ಇಟ್ಟುಕೊಂಡು, ಹಿರಿಯರ ಎದುರೇ ಓದುತ್ತೇನೆಂದು ಅರಗಿನ ಮುದ್ರೆ ಹಾಕಿ ಮರಳಿಸಿದರು. ನಾಲ್ಕು ದಿನ ಅದು ಸರದಾರಸಾಬರ ಕಪಾಟಿನಲ್ಲಿತ್ತು. ಶುಕ್ರವಾರ ರಾಯರು ಮುದ್ರೆ ಒಡೆದು ಓದಿದರೆ ಬರಸಿಡಿಲು: ಆಷಾಢ ಶುದ್ಧ ದಶಮಿಯಂದು ಹಡಗು ವೆಂಗುರ್ಲಾಕ್ಕೆ ಮರಳಿತು, ಗಂಟುಗಳನ್ನೆಲ್ಲ ಮಾರಿದೆವು!

"ಅರಗು ಒಡೀದಂಗ ಇತ್ತೇನು?" ಕೃಷ್ಣಾಬಾಯಿ ಕೇಳಿದಳು.

"ಒಂದು ಬಾಜು ಬಿರಿದಿತ್ರಿ. ಸರದಾರಸಾಬ್ರಿಗೆ ಈ ಲಗ್ನ ಮನಸ್ಸಿಲ್ಲ. ಅವರೇ ಕಾಗದ ಬದಲ ಮಾಡಿಸ್ಯಾರ. ನನಗ ಓದಾಕ ಬರಂಗಿಲ್ಲ, ಆದ್ರ ಇದು ನಮ್ಮ ಕಾಗದ ಅಲ್ಲ ಅಂತ ಎದಿ ಹೇಳತೈತಿ."

ಕೃಷ್ಣಾಬಾಯಿ ಅವರು ತಂದಿದ್ದ ಕಾಗದವನ್ನು ಬೆಳಕಿಗೆ ಹಿಡಿದಳು. "ಹಾಳಿ ಹಳೇದ ಐತಿ. ಆದ್ರ ಹಳೇ ದಫ್ತರದ ಕಡೀಗೆ ಖಾಲಿ ಹಾಳಿ ಬೇಕಾದಷ್ಟು ಸಿಗತಾವ." ಆಮೇಲೆ ರಾಯರ ಪುಸ್ತಕ ತೆಗೆದು ಒಂದು ಪುಟ ತೋರಿಸಿದಳು. ಎರಡು ವರ್ಷದ ಹಿಂದೆ ಅಚ್ಚಾದದ್ದು. ಅಲ್ಲೂ ಬೀಡಿಯ ವರ್ತಕ ದ್ರೋಹಿ, ಅಲ್ಲೂ ಅದೇ ಆಷಾಢ ಶುದ್ಧ ದಶಮಿ. ಪುಸ್ತಕಕ್ಕೂ ಕಾಗದಕ್ಕೂ ತಾಳೆಯಾದ ಮೇಲೆ ನಬೀಸಾಬರ ಕತೆ ಮುಗಿಯಿತೆಂದು ನನ್ನ ಜೀವ ಹಾರಿತು. ಇವಳೋ ಪುಸ್ತಕ ಮುಚ್ಚಿ, ಬೆಳಗಿನ ಖಾನಾಪುರದ ಬಸ್ಸು ಎಷ್ಟಕ್ಕೆಂದು ಕೇಳಿದಳು. ಇಂಥ ಹೊತ್ತಿನಲ್ಲಿ ಇವಳನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಮರುದಿನ ಖಾನಾಪುರದಲ್ಲಿ ಇಳಿದು, ಅಕ್ಷರ ಹೋಲಿಸಿ ನೋಡಬೇಕೆಂದು ಹೇಳಿ ರಾಯರನ್ನು ಅವರ ಹಳೆಯ ಕಾಗದಗಳ ಗಂಟಿನೊಂದಿಗೆ ಬೀಡಿಗೆ ಹೊರಡಿಸಿದಳು. ಬಸ್ಸಿನಲ್ಲಿ ಟಿಕೀಟು ತೆಗೆಯುವಾಗಲೂ ರಾಯರು ಗಂಟನ್ನು ಕಂಕುಳಿಂದ ಬಿಡಲಿಲ್ಲ.

ಬೀಡಿಯಲ್ಲಿ ನಬೀಸಾಬರ ಅಂಗಳದಲ್ಲಿ ನೇಕಾರ ಹಿರಿಯರು ಸೇರಿದರು. ನಡುಮಧ್ಯಾಹ್ನವಾದರೂ ಯಾರೂ ನೀರು ಕೇಳಲಿಲ್ಲ. ಸರದಾರಸಾಬ ಹೊಸ್ತಿಲಾಚೆ ನಿಂತೇ ಇದ್ದರು.

"ಸರದಾರಸಾಬ್ರ, ನಿಮ್ಮ ವ್ಯಾಪಾರ ಏನ್ರಿ?" ಕೃಷ್ಣಾಬಾಯಿ ಕೇಳಿದಳು.

"ವೆಂಗುರ್ಲಾದಿಂದ ಒಣಮೀನ ತರ್ತೀನ್ರಿ."

"ಆಷಾಢದಾಗೂ?"

"ಆಷಾಢದಾಗ ಎಲ್ಲೀದ್ರಿ? ಮಳಿ ಹಿಡೀತಂದ್ರ ಬಂದರ ಬಂದ್. ಶ್ರಾವಣದ ನಾರಳಿ ಹುಣ್ಣಿವಿಗೆ ಸಮುದ್ರಕ್ಕ ತೆಂಗಿನಕಾಯಿ ಕೊಟ್ಟ ಮ್ಯಾಲ..." ಮಾತು ಅಲ್ಲೇ ನಿಂತಿತು. ಅವರ ಕಣ್ಣು ಕಾಗದದ ಮೇಲೆ ನೆಟ್ಟಿತು.

"ಹೌದಲ್ಲ? ಆ ಕಾಲದ ಹಾಯಿ ಹಡಗ ಆಷಾಢದಾಗ ವೆಂಗುರ್ಲಾಕ್ಕ ಬರಾಕ ಸಾಧ್ಯ ಇಲ್ಲ. ಕಾಗದ ಖೊಟ್ಟಿ. ಸರದಾರಸಾಬ್ರು ಬರಿಸಿದ್ರ ಈ ತಪ್ಪು ಮಾಡತಿದ್ದಿಲ್ಲ. ಅರಗು ಬಿರಿದದ್ದು ಬಸ್ಸಿನ ಕುಲುಕಾಟಕ್ಕ. ರಾಯರ, ನಿಮ್ಮ ಪುಸ್ತಕದಾಗ ಈ ತಿಥಿ ಎಲ್ಲಿಂದ ಬಂತು?"

"ನೇಕಾರರ ಫಿರ್ಯಾದಿ ಆಷಾಢದ್ದು. ತಿಥಿ ನನ್ನ ಅಂದಾಜು."

"ನಿಮ್ಮ ಅಂದಾಜಿನ ತಪ್ಪು ಮುನ್ನೂರು ವರ್ಷದ ಹಿಂದ ಸತ್ತಾಂವಗ ಹೆಂಗ ಗೊತ್ತಾತ್ರಿ? ಖರೇ ಕಾಗದ ಹೊರಗ ಬಂದ್ರ ನಿಮ್ಮ ಪುಸ್ತಕ ಸುಳ್ಳಾಗತಿತ್ತು. ಮೋಡಿ ಬರಿಯಾಕ ಬರೂದು ನಿಮಗ, ನಳಿಗಿ ಒಂದು ದಿನ ಇದ್ದದ್ದೂ ನಿಮ್ಮ ಮನ್ಯಾಗ. ಆದ್ರ ನಿಮ್ಮಂಥಾವರು ಹಳೇ ಕಾಗದ ಸುಡಂಗಿಲ್ಲ, ಮನ್ಯಾಗ ಬಿಟ್ಟ ಬರಾಕೂ ಧೈರ್ಯ ಇರಂಗಿಲ್ಲ. ಗಂಟು ಬಿಚ್ಚರಿ."

ರಾಯರು ಗಂಟು ಬಿಚ್ಚಿದರು. ಗಂಟಿನ ನಟ್ಟನಡುವೆ ಅದಿತ್ತು.

"ನೀವ ಓದ್ರಿ" ಎಂದಳು. ಶಿಕ್ಷೆ ಎಂದರೆ ಅದೇ ಎಂದು ನನಗನಿಸಿತು.

ರಾಯರು ತಡೆತಡೆದು ಓದಿದರು: "ಮಾಘ ಮಾಸದಲ್ಲಿ ಫಿರಂಗಿಗಳು ಹಡಗು ಹಿಡಿದರು. ನಿನ್ನ ಸ್ವಂತದ ಹತ್ತು ಗಂಟು ಬಿಡುತ್ತೇವೆ, ಒಯ್ಯಿ ಎಂದರು. ನಲವತ್ತು ಮನೆಗಳ ಸರಕು ಬಿಡದೆ ನನ್ನದೂ ಬೇಡವೆಂದು ಬರಿಗೈಲಿ ಬಂದೆ." ಕೆಳಗೆ ನಲವತ್ತು ಹೆಸರು. ಮೊದಲನೆಯದು ಸರದಾರಸಾಬರ ಮನೆತನದ್ದೇ.

ಸರದಾರಸಾಬ ಚಪ್ಪಲಿ ಕಳಚಿ ಒಳಗೆ ಬಂದರು.

"ಬಿಲ್ಕೀಸ, ಒಂದ್ ತಂಬಗಿ ನೀರ ತಾ ಮಗಳ."

ಓಡಿ ಬಂದ ಹುಡುಗಿ ಅರ್ಧ ನೀರು ದಾರಿಯಲ್ಲೇ ಚೆಲ್ಲಿದ್ದಳು. ಉಳಿದದ್ದನ್ನು ಅವರು ಗಟಗಟ ಕುಡಿದು, ತಂಬಿಗೆಯನ್ನು ಪಕ್ಕದವರಿಗೆ ದಾಟಿಸಿದರು. ನನ್ನ ಕಣ್ಣು ತುಂಬಿಬಂತು, ಅಡಗಿಸಲಿಲ್ಲ.

ನಿನ್ನೆಯಿಂದ ಕೂಡದಿದ್ದ ನಬೀಸಾಬ, ಆಗ ಕೂತರು.